ಶೇ 70 ಪ್ಲೇಸ್‌ಮೆಂಟ್ ಅಂದ್ರೆ ಯಾವುದರ ಶೇ 70? ತರಬೇತಿಯ ಫಲ ಅಳೆಯೋದು ಹೇಗೆ

ಕೌಶಲ ಕೋಶ, ಕೊಪ್ಪಳ

ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಭಾಗದ ಮೂರು ಬಗೆಯ ತರಬೇತಿಗಳ ಫಲ ಅಳೆಯಬೇಕಾಗಿದೆ. ಒಂದು ವರ್ಷದ ಐಟಿಐ ವೆಲ್ಡರ್, ಎರಡು ವರ್ಷದ ಎಲೆಕ್ಟ್ರಿಷಿಯನ್, ಮೂರು ತಿಂಗಳ ಜೀನ್ಸ್ ಹೊಲಿಗೆ. ಕೈಯಲ್ಲಿರೋದು ಪ್ರವೇಶದ ರಿಜಿಸ್ಟರು, ಪರೀಕ್ಷೆ ಫಲಿತಾಂಶ, ಆಮೇಲೆ "ಪ್ಲೇಸ್‌ಮೆಂಟ್ ಶೇ 70" ಅನ್ನೋ ಒಂದು ಸಾಲು. ಆ ಸಾಲನ್ನ ನಂಬಬಹುದಾ? ಇಲ್ಲಾಂದ್ರೆ ಏನನ್ನ, ಯಾವಾಗ, ಎಷ್ಟು ಜನರ ಹತ್ತಿರ ಕೇಳಬೇಕು? ಫೋನ್ ಮಾಡೋಕೆ ಇಬ್ಬರು, ಹಳ್ಳಿ ತಿರುಗೋಕೆ ಒಂದು ಬೈಕು, ಇಷ್ಟರಲ್ಲೇ ಆಗೋ ದಾರಿ ಹೇಳಿ.

ಲೆಕ್ಕದ ಮೇಷ್ಟ್ರು, ರಾಯಚೂರು

ಅಂಶವನ್ನು ಎಲ್ಲರೂ ಹೇಳುತ್ತಾರೆ, ಛೇದವನ್ನು ಯಾರೂ ಹೇಳುವುದಿಲ್ಲ. ಮೊದಲು ಛೇದ ಕೇಳಿ.

ಲೆಕ್ಕಕ್ಕೆಂದು ಒಂದು ಮಾದರಿ ಇಟ್ಟುಕೊಳ್ಳೋಣ. 240 ಮಂದಿ ಸೇರಿದರು. 180 ಮಂದಿ ಪಾಸಾಗಿ ಪ್ರಮಾಣಪತ್ರ ಪಡೆದರು. ಆರು ತಿಂಗಳ ಮೇಲೆ ಫೋನ್ ಮಾಡಿದಾಗ 110 ಮಂದಿ ಸಿಕ್ಕರು, ಅವರಲ್ಲಿ 77 ಮಂದಿ ಕೆಲಸದಲ್ಲಿದ್ದಾರೆ. ಫೋನಿಗೆ ಸಿಕ್ಕವರ ಮೇಲೆ ಲೆಕ್ಕ ಹಾಕಿದರೆ ಶೇ 70. ಪ್ರಮಾಣಪತ್ರ ಪಡೆದವರ ಮೇಲೆ ಹಾಕಿದರೆ ಶೇ 42.8. ಸೇರಿದವರ ಮೇಲೆ ಹಾಕಿದರೆ ಶೇ 32.1. ಮೂರರಲ್ಲಿ ಯಾವುದೂ ಸುಳ್ಳಲ್ಲ. ವರದಿಯಲ್ಲಿ ಮಾತ್ರ ಮೊದಲನೆಯದೇ ಕೂತಿರುತ್ತದೆ.

ಸಿಗದೇ ಹೋದ 70 ಮಂದಿಯನ್ನು ಏನು ಮಾಡುವುದು? ಅವರೆಲ್ಲ ಕೆಲಸದಲ್ಲಿದ್ದರೆ 147/180, ಅಂದರೆ ಶೇ 81.7. ಯಾರೂ ಇಲ್ಲದಿದ್ದರೆ ಶೇ 42.8. ನಿಜ ಈ ಎರಡರ ನಡುವೆ ಎಲ್ಲೋ ಇದೆ. ಇಷ್ಟು ಅಗಲದ ಅಂದಾಜು ಯಾವ ನಿರ್ಧಾರಕ್ಕೂ ಸಾಲದು. ಆದ್ದರಿಂದ ಆ 70ರಲ್ಲಿ ಚೀಟಿ ಎತ್ತಿ 20 ಮಂದಿಯನ್ನು ಆರಿಸಿ, ಬೈಕ್ ಹತ್ತಿ, ಅವರ ಮನೆಗೇ ಹೋಗಿ. ಅಲ್ಲಿ 8 ಮಂದಿ ಕೆಲಸದಲ್ಲಿದ್ದಾರೆ ಎಂದು ಗೊತ್ತಾದರೆ ಅದು ಶೇ 40. 70ಕ್ಕೆ ಶೇ 40 ಅಂದರೆ 28. 77ಕ್ಕೆ 28 ಸೇರಿ 105. 180ಕ್ಕೆ ಭಾಗಿಸಿದರೆ ಶೇ 58.3. ಹ್ಯಾನ್ಸನ್ ಮತ್ತು ಹರ್ವಿಟ್ಜ್ 1946ರಲ್ಲೇ ಹೇಳಿಕೊಟ್ಟ ಉಪಾಯ ಇದು. 300 ಮಂದಿಗೆ ಹೆಚ್ಚುವರಿ ಫೋನ್ ಮಾಡುವುದಕ್ಕಿಂತ ಈ 20 ಮನೆ ಭೇಟಿಯ ಬೆಲೆ ಹೆಚ್ಚು.

ಆ ಶೇ 70 ಎಲ್ಲಿಂದ ಬಂತು ಅನ್ನುವುದೂ ಗೊತ್ತಿರಲಿ. ಅಲ್ಪಾವಧಿ ತರಬೇತಿಗಳಿಗೆ ಕೇಂದ್ರ ಸರ್ಕಾರ 2015ರ ಜುಲೈ 15ರಂದು ಹೊರಡಿಸಿದ ಸಾಮಾನ್ಯ ಮಾನದಂಡದಲ್ಲಿ ಅದಿದೆ. ಪ್ರಮಾಣಪತ್ರ ಪಡೆದವರಲ್ಲಿ ಶೇ 70 ಮಂದಿಗೆ ಮೂರು ತಿಂಗಳೊಳಗೆ ದುಡಿಮೆ ಸಿಗಬೇಕು, ಕನಿಷ್ಠ ಶೇ 50 ಮಂದಿಗೆ ಅದು ಸಂಬಳದ ಕೆಲಸವೇ ಆಗಿರಬೇಕು. ಕೊನೆಯ ಕಂತಿನ ಹಣ ಇದಕ್ಕೆ ಕಟ್ಟಿಕೊಂಡಿದೆ. ಛೇದ "ಪ್ರಮಾಣಪತ್ರ ಪಡೆದವರು" ಆಗಿರುವುದರಿಂದ, ನಡುವೆ ಬಿಟ್ಟುಹೋದ 60 ಮಂದಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಕಷ್ಟಪಡುವ ಹುಡುಗನನ್ನು ಉಳಿಸಿಕೊಂಡರೆ ತರಬೇತಿ ಕೇಂದ್ರದ ಅಂಕಿ ಇಳಿಯುತ್ತದೆ, ಬಿಟ್ಟುಕೊಟ್ಟರೆ ಏರುತ್ತದೆ. ಮಾನದಂಡದ ಹುಳುಕು ಇರುವುದು ಇಲ್ಲೇ.

ಮಾನ್ವಿ ಮಿಷನ್

ಮೇಷ್ಟ್ರು ಲೆಕ್ಕ ಸರಿ ಹೇಳ್ಯಾರ. ಆದ್ರ ಫೋನಿನಾಗ ಏನಂತ ಕೇಳ್ತೀರಿ ಅನ್ನೋದು ಅದಕ್ಕಿಂತ ದೊಡ್ಡದು.

"ನೌಕರಿ ಸಿಕ್ಕೇನಪಾ?" ಅಂತ ಕೇಳಿದ್ರ ನಮ್ಮ ಕಡಿ ಹತ್ತರಾಗ ಏಳು ಮಂದಿ "ಇಲ್ರಿ" ಅಂತಾರ. ನೌಕರಿ ಅಂದ್ರ ಸರ್ಕಾರದ್ದು, ಇಲ್ಲಾ ದೊಡ್ಡ ಕಂಪನಿ ಪರ್ಮನೆಂಟು. ಅದೇ ಹುಡುಗ ರೈಸ್ ಮಿಲ್ಲಿನಾಗ ಮೋಟಾರು ನೋಡ್ಕೊಂಡು ತಿಂಗಳಾ ಪಗಾರ ತಗೊಂತಿರ್ತಾನ, ಅದು ಅವನ ಬಾಯಾಗ ನೌಕರಿ ಅಲ್ಲ. "ಕೆಲಸಕ್ಕ ಹೋಗ್ತೀಯೇನು?" ಅಂದ್ರ ಹೌದು ಅಂತಾನ, ಆದ್ರ ಹೊಲದ ಕೂಲಿನೂ ಅದರಾಗ ಸೇರ್ತದ. "ಉದ್ಯೋಗ" ಅಂದ್ರ ಖಾತ್ರಿ ಯೋಜನೆ ನೆನಪಾಗ್ತದ. ಒಂದೊಂದು ಮಾತಿಗೆ ಒಂದೊಂದು ಶೇಕಡಾ ಬರ್ತದ ನೋಡ್ರಿ.

ಅದಕ್ಕ ಪದದ ಗೊಡವಿಗೆ ಹೋಗದ, ದಿನ ಎಣಿಸ್ರಿ. "ಹೋದ ಏಳು ದಿನದಾಗ ಎಷ್ಟು ದಿನ ದುಡಿದ್ರಿ? ಯಾವ ಯಾವ ಕೆಲಸ? ದಿನಕ್ಕೆಷ್ಟು ತಾಸು? ಕೈಗೆಷ್ಟು ಬಂತು?" ಆಮ್ಯಾಲ ಒಂದೇ ಒಂದು ಪ್ರಶ್ನೆ: "ಅಲ್ಲಿ ಕಲ್ತಿದ್ದು ಈ ಕೆಲಸದಾಗ ಉಪಯೋಗ ಆಗ್ತದೇನು, ಯಾವುದು?" ಉತ್ತರದಾಗ ಸಾಮಾನಿನ ಹೆಸರು ಬರಬೇಕು. ಮೆಗ್ಗರ್, ಹೋಲ್ಡರ್, ಸ್ಟಾರ್ಟರ್, ಏನಾರ ಒಂದು. ಬರೀ "ಹೂಂ ಆಗ್ತದ" ಅಂದ್ರ ಇಲ್ಲ ಅಂತ ಬರ್ಕೋರಿ.

ಸರ್ಕಾರದ ಕಾರ್ಮಿಕ ಸಮೀಕ್ಷೆನೂ ಏಳು ದಿನದ ಲೆಕ್ಕ ಹಿಡಿತದ, ಆದ್ರ ವಾರದಾಗ ಒಂದೇ ತಾಸು ದುಡಿದ್ರೂ ಕೆಲಸದಾಗ ಅದಾನ ಅಂತ ಬರ್ಕೊಂತದ. ದೇಶದ ಲೆಕ್ಕಕ್ಕ ಅದು ಸರಿ. ತರಬೇತಿ ಅಳೀಲಿಕ್ಕ ನಾಕು ದಿನಕ್ಕಿಂತ ಕಮ್ಮಿ ದುಡಿದವ್ರನ್ನ ಬ್ಯಾರೆ ಸಾಲಿನಾಗ ಇಡ್ರಿ.

ಇನ್ನ ಗುಳೆ. ಬ್ಯಾಸಿಗ್ಯಾಗ ಫೋನ್ ಮಾಡಿದ್ರ ಅರ್ಧ ನಂಬರ್ ಸ್ವಿಚ್ ಆಫ್, ಹುಡುಗರೆಲ್ಲಾ ಬೆಂಗಳೂರು, ಪುಣೆ ಕಡಿ. ಊರಿಗೆ ಬರೋದು ಯುಗಾದಿಗೆ, ಅಲಾಯಿ ಹಬ್ಬಕ್ಕ (ಮೊಹರಂ). ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರ್ತದ, ಕ್ಯಾಲೆಂಡರ್ ನೋಡಿ ಮನಿ ಭೇಟಿ ಹಾಕ್ಕೋರಿ. ಕೊಪ್ಪಳ ಸುತ್ತಿನವ್ರಿಗೆ ಜನವರಿ ಗವಿಮಠದ ಜಾತ್ರಿ ಅದ. ಎರಡು ಎಚ್ಚರಿಕಿ: ಹಬ್ಬಕ್ಕ ಬಂದವನು ಪಗಾರ ಒಂದೀಟು ಜಾಸ್ತೀನ ಹೇಳ್ತಾನ, ಸುತ್ತ ನಾಕು ಮಂದಿ ಇರ್ತಾರಲ್ಲ. ಬರಲಿಕ್ಕ ರೊಕ್ಕ ಇಲ್ಲದವನು ಹಬ್ಬಕ್ಕೂ ಬರಂಗಿಲ್ಲ.

ಕೌಶಲ ಕೋಶ, ಕೊಪ್ಪಳ

ನಂಬರ್ ಬದಲಾಗೋದೇ ದೊಡ್ಡ ತಲೆನೋವು ರೀ. ಪ್ರವೇಶದಾಗ ಕೊಟ್ಟ ನಂಬರ್ ವರ್ಷದ ಮೇಲೆ ಹತ್ತೋದೇ ಇಲ್ಲ.

ಹಾಜರಿ ಪುಸ್ತಕ, ಸಿಂಧನೂರು

ಒಂದು ನಂಬರ್ ತಗೊಳೋದೇ ತಪ್ಪು. ಮೂರು ತಗೊಳ್ಳಿ: ಅವರದು, ಮನೆಯಲ್ಲೇ ಇರೋರದು (ಹೆಚ್ಚಾಗಿ ತಾಯಿದು), ಇನ್ನೊಂದು ಬೇರೆ ಮನೆಯದು. ಮೂರನೆಯದು ಅದೇ ಬ್ಯಾಚಿನ ಗೆಳೆಯನದು ಆಗಬಾರದು. ಅವನು ತಪ್ಪಿಹೋದರೆ ಇವನೂ ತಪ್ಪಿಹೋಗ್ತಾನೆ. ಹಾಲ್‌ಟಿಕೆಟ್ ಕೊಡೋ ದಿನ ಮೂರನ್ನೂ ಎದುರಿಗೇ ಡಯಲ್ ಮಾಡಿ ನೋಡಿ. ಅವತ್ತು ಎಲ್ಲರೂ ಬಂದೇ ಬರ್ತಾರೆ, ಅಂಥ ದಿನ ಮತ್ತೆ ಸಿಗಲ್ಲ.

ಗಿಣಿಗೇರಿ ಫಿಟ್ಟರ್

ಇಷ್ಟೆಲ್ಲಾ ಯಾಕ್ರೀ? ಪಿಎಫ್ ನಂಬರ್ ತಗೊಂಡು ಪಾಸ್‌ಬುಕ್ ನೋಡಿದ್ರ ಮುಗೀತು. ತಿಂಗಳಾ ತಿಂಗಳಾ ಕಟ್ಟಿದ್ದು ಕಾಣ್ತೈತಿ, ಯಾರೂ ಸುಳ್ಳು ಹೇಳೋಕಾಗಲ್ಲ.

ತೋರಣಗಲ್ಲು ಶಿಫ್ಟ್

ಫಿಟ್ಟರ್ ಅಣ್ಣಾ, ಪಾಸ್‌ಬುಕ್‌ನಾಗೆ ಹೆಸರಿದ್ದೋನು ದುಡೀತಿದ್ದಾನೆ ಅನ್ನೋದು ಖರೆ. ಹೆಸರಿಲ್ದೋನು ಖಾಲಿ ಕೂತಿದ್ದಾನೆ ಅನ್ನೋದು ಖರೆ ಅಲ್ಲ. ಪಿಎಫ್ ಕಡ್ಡಾಯ ಆಗೋದು 20 ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಕಡೆ. ಸಣ್ಣ ರೈಸ್ ಮಿಲ್ಲು, ಜೀನ್ಸ್ ಶೆಡ್ಡು, ಫ್ಯಾಬ್ರಿಕೇಷನ್ ಅಂಗಡಿ, ಮೋಟಾರ್ ರಿವೈಂಡಿಂಗು ಇದರೊಳಗೆ ಬರೋದೇ ಇಲ್ಲ. ಪಿಎಫ್ ಒಂದನ್ನೇ ಹಿಡಿದ್ರೆ ಉಕ್ಕಿನ ಕಾರ್ಖಾನೆಗಳಿರೋ ತೋರಣಗಲ್ಲು, ಗಿಣಿಗೇರಿ ಸುತ್ತ ಇರೋ ಐಟಿಐಗಳು ಗೆಲ್ತವೆ, ಸಿಂಧನೂರು, ಮಸ್ಕಿ ಕಡೆಯವು ಸೋಲ್ತವೆ. ಬೋಧನೆ ಚೆನ್ನಾಗಿದೆಯೋ ಇಲ್ಲವೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪಗಾರದ ಲೆಕ್ಕಕ್ಕೂ ಅದು ಅರ್ಧ ಮಾತ್ರ. ಕಾರ್ಮಿಕನ ಪಾಲು ಶೇ 12, ಮಿತಿ 15,000 ರೂಪಾಯಿ. ಹಾಗಾಗಿ ತಿಂಗಳಿಗೆ 1,800 ಕಂಡರೆ ಪಗಾರ 15,000 ಇರಬಹುದು, 24,000ನೂ ಇರಬಹುದು. 1,800ಕ್ಕಿಂತ ಕಡಿಮೆ ಇದ್ದರೆ ಮಾತ್ರ ಹಿಂದಕ್ಕೆ ಲೆಕ್ಕ ಹಾಕಬಹುದು: 1,320 ಕಟ್ಟಿದ್ದರೆ 11,000. ಅದೂ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಷ್ಟೇ, ಓಟಿ ಸೇರಲ್ಲ. ಪಾಸ್‌ಬುಕ್‌ನಾಗಿರೋದು ಗುತ್ತೇದಾರನ ಹೆಸರು, ಪ್ಲಾಂಟಿನದಲ್ಲ. ಗುತ್ತಿಗೆ ಬದಲಾದಾಗ ಹುಡುಗ ಅದೇ ಗೇಟಿನಾಗೆ, ಅದೇ ಮಷಿನ್ ಮೇಲೆ ಇದ್ದರೂ ದಾಖಲೆಯಲ್ಲಿ "ಕೆಲಸ ಬಿಟ್ಟ" ಅಂತ ಕಾಣುತ್ತೆ.

ಇನ್ನೊಂದು ದೊಡ್ಡ ಗುಂಡಿ ಅಪ್ರೆಂಟಿಸ್ ವರ್ಷ. 1961ರ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದ್ರೆ ಕಲಿಯೋನು, ಕಾರ್ಮಿಕ ಅಲ್ಲ. ಅವನಿಗೆ ಸ್ಟೈಪೆಂಡ್ ಬರುತ್ತೆ, ಪಿಎಫ್ ಇರಲ್ಲ. ಉಕ್ಕಿನ ಕಾರ್ಖಾನೆ, ಕುಡಿತಿನಿ ಮತ್ತು ಶಕ್ತಿನಗರದ ಥರ್ಮಲ್ ಸ್ಟೇಷನ್ನು, ಹಟ್ಟಿ ಗಣಿ, ಎಲ್ಲಾ ಕಡೆ ಐಟಿಐ ಹುಡುಗರು ಮೊದಲು ಹೋಗೋದು ಇದಕ್ಕೇ. ಆರನೇ ತಿಂಗಳಾಗೆ ಅಳೆದರೆ ಎಲ್ಲರೂ "ಕೆಲಸದಾಗೆ" ಇರ್ತಾರೆ. ವರ್ಷ ಮುಗಿದ ಮೇಲೆ ಉಳಿಸಿಕೊಳ್ಳಲೇಬೇಕು ಅಂತ ಕಂಪನಿಗೆ ಕಟ್ಟುಪಾಡಿಲ್ಲ, ಹದಿನಾಲ್ಕನೇ ತಿಂಗಳಿಗೆ ಅರ್ಧ ಜನ ಮನೇಲಿರಬಹುದು. ಹಾಗಾಗಿ ಅಪ್ರೆಂಟಿಸ್‌ಗೆ ಬೇರೆಯೇ ಕಾಲಂ ಹಾಕಿ. ಐಟಿಐ ಬ್ಯಾಚನ್ನ 24ನೇ ತಿಂಗಳಾಗೆ ಅಳೆಯದೆ ತೀರ್ಪು ಕೊಡಬೇಡಿ.

ಮಾಲೀಕರ ಅಭಿಪ್ರಾಯ ಬೇಕಂದ್ರೆ ಎಚ್ಆರ್ ಹತ್ತಿರ ಹೋಗಬೇಡಿ, "ಚೆನ್ನಾಗಿದ್ದಾರೆ" ಅನ್ನೋ ಒಂದೇ ಮಾತು ಸಿಗುತ್ತೆ. ಶಿಫ್ಟ್ ಸೂಪರ್‌ವೈಸರನ್ನ ಕೇಳಿ: "ಈ ಹುಡುಗನ್ನ ಒಬ್ಬನೇ ಮಷಿನ್ ಮೇಲೆ ಬಿಡೋಕೆ ಎಷ್ಟು ದಿನ ಬೇಕಾಯ್ತು? ತರಬೇತಿ ಇಲ್ದೇ ಬಂದೋನಿಗೆ ಎಷ್ಟು ದಿನ ಹಿಡಿಯುತ್ತೆ?" ಎರಡರ ನಡುವಿನ ಅಂತರವೇ ತರಬೇತಿಯ ಬೆಲೆ. ದಿನದಲ್ಲಿ ಉತ್ತರ ಬರೋದ್ರಿಂದ ಹೊಗಳಿಕೆಗೆ ಜಾಗ ಇರಲ್ಲ.

ಬೂತ್ ನಂಬರ್ 4

ಕೆಲಸ ಸಿಗುವುದು, ಬಿಡುವುದು ಮಾರುಕಟ್ಟೆಗೂ ಸೇರಿದ್ದು. ಕೈ ಕಲಿತಿದೆಯೋ ಇಲ್ಲವೋ ಅನ್ನುವುದು ಮಾತ್ರ ನೇರವಾಗಿ ತರಬೇತಿಯದು. ಅದನ್ನು ಪರೀಕ್ಷೆಯ ಅಂಕದಿಂದ ತಿಳಿಯಲಾಗದು. ಐಟಿಐ ಪ್ರಾಯೋಗಿಕಕ್ಕೆ ಪಾಸಾಗಲು ಶೇ 60 ಬೇಕು, ಹಾಗಾಗಿ ಅಂಕಗಳೆಲ್ಲ 60ರ ಮೇಲೇ ಗುಂಪುಗೂಡಿರುತ್ತವೆ.

ವೆಲ್ಡರಿಗೆ ಒಂದೇ ಜಾಬ್ ಇಟ್ಟುಕೊಳ್ಳಿ: 10 ಮಿ.ಮೀ. ಎಂಎಸ್ (ಮೃದು ಉಕ್ಕಿನ) ಪ್ಲೇಟು ಎರಡು ತುಂಡು, ಒಂದೊಂದು 150×75 ಮಿ.ಮೀ., ಅಂಚಿಗೆ 30 ಡಿಗ್ರಿ ಬೆವಲ್ (ಇಳಿಜಾರು), ಸೇರಿಸಿದಾಗ 60 ಡಿಗ್ರಿ ವಿ. ರೂಟ್ ಗ್ಯಾಪ್ (ಬುಡದಲ್ಲಿ ಎರಡು ತುಂಡಿನ ನಡುವಿನ ಸಂದು) 2.5 ಮಿ.ಮೀ., ಪೊಸಿಷನ್ 3ಜಿ, ಅಂದರೆ ನಿಲುವು. ರೂಟಿಗೆ 2.5 ಮಿ.ಮೀ. ರಾಡು, ಸುಮಾರು 70ರಿಂದ 90 ಆಂಪ್. ತುಂಬಿಸಲು 3.15. ಕರೆಂಟ್ ಎಷ್ಟಿಡಬೇಕೆಂದು ಹೇಳಿಕೊಡಬೇಡಿ, ಅದನ್ನು ಹೊಂದಿಸುವುದೂ ಪರೀಕ್ಷೆಯ ಭಾಗ.

ಮೊದಲು ಕಣ್ಣಿನ ತಪಾಸಣೆ: ಅಂಡರ್‌ಕಟ್ (ಬೆಸುಗೆಯ ಅಂಚಿನ ಕೊರೆತ) 0.5 ಮಿ.ಮೀ. ಮೀರಿದೆಯೇ, ರೂಟಿನಲ್ಲಿ ಪೆನೆಟ್ರೇಷನ್ (ಬುಡದವರೆಗೆ ಕರಗಿ ಕೂಡಿದ್ದು) ಉದ್ದಕ್ಕೂ ಬಂದಿದೆಯೇ, ಸ್ಲ್ಯಾಗ್ (ರಾಡಿನ ಲೇಪದ ಕಿಟ್ಟ) ಸಿಕ್ಕಿಕೊಂಡಿದೆಯೇ, ರಂಧ್ರಗಳಿವೆಯೇ. ಆಮೇಲೆ ಪಟ್ಟಿ ಕತ್ತರಿಸಿ ಒಂದು ಫೇಸ್ ಬೆಂಡ್ (ಬೆಸುಗೆಯ ಮೇಲ್ಮೈ ಹೊರಗಾಗುವಂತೆ ಬಾಗಿಸುವುದು), ಒಂದು ರೂಟ್ ಬೆಂಡ್ (ಬುಡ ಹೊರಗಾಗುವಂತೆ). ಬಾಗಿದ ಮೈಮೇಲೆ 3 ಮಿ.ಮೀ.ಗಿಂತ ದೊಡ್ಡ ಬಿರುಕು ತೆರೆದರೆ ಫೇಲ್. ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಬೇಕು, ಪ್ಲೇಟಿನ ಮೇಲೆ ಹೆಸರಿನ ಬದಲು ಪಂಚಿಂಗ್ ನಂಬರ್ ಇರಬೇಕು. ಹತ್ತು ಪ್ಲೇಟಿನಲ್ಲಿ ಇಬ್ಬರೂ ಎಂಟಕ್ಕಿಂತ ಕಡಿಮೆ ಕಡೆ ಒಪ್ಪಿದರೆ, ತಿದ್ದಬೇಕಾಗಿರುವುದು ಅಂಕ ಹಾಕುವವರನ್ನು, ಹುಡುಗರನ್ನಲ್ಲ. ಬೆಸುಗೆಗಾರರ ಅನುಮೋದನೆ ಪರೀಕ್ಷೆಗೆ ಐಎಸ್ 7310 ಇದೆ, ಅದರ ಚೌಕಟ್ಟನ್ನೇ ಹಿಡಿಯಬಹುದು.

ಇದೇ ಜಾಬನ್ನು ಮೂರು ಸಲ ಮಾಡಿಸಿ: ಪ್ರವೇಶದ ವಾರ, ಕೊನೆಯ ವಾರ, ಹೊರಹೋಗಿ ಆರು ತಿಂಗಳಿಗೆ. ಮೊದಲನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅಪ್ಪನ ಗೇಟ್-ಗ್ರಿಲ್ ಅಂಗಡಿಯಲ್ಲೇ ಬೆಳೆದ ಹುಡುಗನ ಕೌಶಲವೂ ಆಗ ತರಬೇತಿಯ ಖಾತೆಗೆ ಜಮಾ ಆಗುತ್ತದೆ.

3ಜಿಯಲ್ಲಿ ಫೇಲಾಗುವವರ ದೋಷ ಹೆಚ್ಚಾಗಿ ಒಂದೇ ತರಹದ್ದು, ರೂಟಿನಲ್ಲಿ ಸ್ಲ್ಯಾಗ್ ಮತ್ತು ಅರೆಬರೆ ಪೆನೆಟ್ರೇಷನ್. ಕಾರಣ ಸ್ಟೋರ್ ರಿಜಿಸ್ಟರಿನಲ್ಲಿದೆ. ರಾಡು ಉಳಿಸಲು ವರ್ಷಪೂರ್ತಿ ಮೇಜಿನ ಮೇಲೆ ಮಲಗಿಸಿದ ಪ್ಲೇಟಿಗೇ ಬೀಡ್ ಎಳೆಸಿರುತ್ತಾರೆ. ಖರ್ಚಾದ ಎಲೆಕ್ಟ್ರೋಡ್ ಕೆಜಿಯನ್ನು ಹಾಜರಿದ್ದ ತಲೆಗಳಿಗೆ ಭಾಗಿಸಿ ನೋಡಿ. ಇನ್ನೊಂದು ಸಾಕ್ಷಿ ವರ್ಕ್‌ಶಾಪಿನ ಕರೆಂಟ್ ಬಿಲ್. ವೇಳಾಪಟ್ಟಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಪ್ರಾಯೋಗಿಕ ಎಂದಿದ್ದು, ತಿಂಗಳ ಯೂನಿಟ್ಟು ರಜೆಯ ತಿಂಗಳಷ್ಟೇ ಇದ್ದರೆ, ಫಲದ ಸಮೀಕ್ಷೆಗೆ ಹಣ ಖರ್ಚು ಮಾಡುವ ಮೊದಲೇ ಉತ್ತರ ಸಿಕ್ಕ ಹಾಗೆ.

ಮುನಿರಾಬಾದ್ ಲೈನ್

ಎಲೆಕ್ಟ್ರಿಷಿಯನ್‌ಗೆ ಇದೇ ತರಹ: ಮೋಟಾರು ಶುರು ಮಾಡೋ ಸ್ಟಾರ್-ಡೆಲ್ಟಾ ಸ್ಟಾರ್ಟರಿನೊಳಗೆ ಮೂರು ದೋಷ ಬಚ್ಚಿಡಿ. ಕಂಟ್ರೋಲ್ ಫ್ಯೂಸ್ ಹಾರಿದ್ದು, ಓವರ್‌ಲೋಡ್ ರಿಲೇಯ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರೋ ಕಾಂಟ್ಯಾಕ್ಟ್) ತೆರೆದದ್ದು, ಟೈಮರ್ ಕಾಂಟ್ಯಾಕ್ಟ್ ಕೂಡದ್ದು. 30 ನಿಮಿಷ ಕೊಡಿ. ಎಷ್ಟು ದೋಷ, ಯಾವ ಕ್ರಮದಲ್ಲಿ ಹುಡುಕಿದ ಅಂತ ಬರೆದುಕೊಳ್ಳಿ. ಆದರೆ ಕೈ ಹಾಕೋ ಮೊದಲು ಮೇನ್ ತೆಗೆದು, ಸಪ್ಲೈ ಇಲ್ಲ ಅಂತ ಟೆಸ್ಟ್ ಮಾಡಿ ನೋಡದೇ ಇದ್ದರೆ ಮೂರು ದೋಷ ಹಿಡಿದರೂ ಸೊನ್ನೆ. ಇದರಲ್ಲಿ ರಿಯಾಯಿತಿ ಬೇಡ.

ಸ್ವಂತ ಕೆಲಸ ಮಾಡೋರಿಗೆ ವೈರ್‌ಮನ್ ಪರ್ಮಿಟ್ ತಗೊಂಡಿದ್ದಾರಾ ಅಂತ ಕೇಳಿ. "ಸ್ವಯಂ ಉದ್ಯೋಗ" ಅಂತ ಬರೆಸಿದೋರಲ್ಲಿ ಮದುವೆ ಮನೆ ಸೀರಿಯಲ್ ಲೈಟ್ ಕಟ್ಟೋರು ಯಾರು, ವೈರಿಂಗ್ ಗುತ್ತಿಗೆ ಹಿಡಿಯೋರು ಯಾರು ಅನ್ನೋದು ಅದರಿಂದ ಗೊತ್ತಾಗುತ್ತೆ.

ಡಬಲ್ ನೀಡಲ್, ಬಳ್ಳಾರಿ

ಜೀನ್ಸ್ ಹೊಲಿಗೆಗೆ "ತಿಂಗಳಿಗೆ ಎಷ್ಟು ಸಂಬಳ" ಅನ್ನೋ ಪ್ರಶ್ನೆಯೇ ನಡೆಯಲ್ಲ. ಶೆಡ್ಡುಗಳಲ್ಲಿ ಪೀಸ್ ಲೆಕ್ಕ, ಬಟವಾಡೆ ವಾರಕ್ಕೊಮ್ಮೆ. ಯಾವ ಆಪರೇಷನ್ನು, ಪೀಸಿಗೆ ಎಷ್ಟು, ಹೋದ ವಾರ ಎಷ್ಟು ಪೀಸು, ಅಡ್ವಾನ್ಸ್ ಮುರಿದದ್ದೆಷ್ಟು, ಅಂತ ನಾಲ್ಕು ಭಾಗ ಮಾಡಿ ಕೇಳಿ ನೀವೇ ಗುಣಿಸಿ. ಅಡ್ವಾನ್ಸ್ ಮುರಿದ ಮೇಲಿನ ಮೊತ್ತವನ್ನೇ ಸಂಪಾದನೆ ಅಂತ ಬರೆದುಕೊಂಡರೆ ಆದಾಯ ಕಡಿಮೆ ಕಾಣುತ್ತೆ. ದಸರಾ, ದೀಪಾವಳಿಗೆ ಮುಂಚಿನ ವಾರಗಳ ಲೆಕ್ಕ ಹಿಡಿದರೆ ಹೆಚ್ಚು ಕಾಣುತ್ತೆ. ಒಂದೇ ತಿಂಗಳನ್ನ ಎರಡು ವರ್ಷ ಹೋಲಿಸಿ.

ಕೈಯ ವೇಗಕ್ಕೆ ದಕ್ಷತೆ ಲೆಕ್ಕ ಇದೆ. ಹಿಂಬದಿ ಜೇಬು ಕೂರಿಸೋಕೆ ನಿಗದಿ ಸಮಯ 0.9 ನಿಮಿಷ ಅಂತ ಇಟ್ಟುಕೊಳ್ಳಿ. 480 ನಿಮಿಷದ ದಿನದಲ್ಲಿ 320 ಪೀಸು ಆದರೆ 288 ನಿಮಿಷದ ಕೆಲಸ, ದಕ್ಷತೆ ಶೇ 60. ಕರೆಂಟ್ ಹೋದ ಸಮಯ, ಬಂಡಲ್ ಬರದೇ ಕೂತ ಸಮಯ ಕಳೆಯಲೇಬೇಕು. ಇಲ್ಲಾಂದ್ರೆ ಶೆಡ್ಡಿನ ತಪ್ಪು ಹುಡುಗಿಯ ತಲೆಗೆ ಬರುತ್ತೆ. ವಾಪಸ್ ಬಂದ ಪೀಸುಗಳನ್ನೂ ಕಳೆಯಿರಿ.

ಇನ್ನೊಂದು ವಿಷಯ. ಎಷ್ಟೋ ಕೇಂದ್ರಗಳಲ್ಲಿ ಕಲಿಸೋದು ಬರೀ ಸಿಂಗಲ್ ನೀಡಲ್. ಶೆಡ್ಡಿನಲ್ಲಿ ಪೀಸ್ ದರ ಚೆನ್ನಾಗಿರೋದು ಫೀಡ್ ಆಫ್ ದಿ ಆರ್ಮ್ (ಪ್ಯಾಂಟಿನ ಕಾಲಿನ ಉದ್ದನೆ ಹೊಲಿಗೆಯ ಮಷಿನ್), ಡಬಲ್ ನೀಡಲ್ ಬಲ್ಲವರಿಗೆ. "ಕೆಲಸ ಸಿಕ್ಕಿತಾ" ಜೊತೆಗೆ "ಯಾವ ಮಷಿನ್ ಮೇಲೆ ಕೂರಿಸಿದರು" ಅಂತ ಕೇಳಿ. ದಾರ ಕತ್ತರಿಸೋ ಮೇಜಿಗೆ ಕಳಿಸಿದ್ದರೆ ಅದು ತರಬೇತಿಯಿಂದ ಸಿಕ್ಕ ಕೆಲಸ ಅಲ್ಲ, ಹೇಗಿದ್ದರೂ ಸಿಗುತ್ತಿತ್ತು.

ಲೆಕ್ಕದ ಮೇಷ್ಟ್ರು, ರಾಯಚೂರು

ಮೇಡಂ ಹೇಳಿದ "ಹೇಗಿದ್ದರೂ ಸಿಗುತ್ತಿತ್ತು" ಅನ್ನುವ ಮಾತೇ ಈ ಚರ್ಚೆಯ ನಡುಗಂಬ. ತರಬೇತಿಯ ಫಲ ಅಂದರೆ, ತರಬೇತಿ ಇಲ್ಲದಿದ್ದರೂ ಆಗುತ್ತಿದ್ದುದನ್ನು ಕಳೆದು ಉಳಿಯುವುದು.

ಮುಂಚೆ ಎಷ್ಟು, ಆಮೇಲೆ ಎಷ್ಟು ಅನ್ನುವ ಹೋಲಿಕೆ ನಮ್ಮ ಜಿಲ್ಲೆಗಳಲ್ಲಿ ಹೇಗೆ ಕೈಕೊಡುತ್ತದೆ ನೋಡಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮುಂಚೆ ಮುಗಿದ ಟಿಪ್ಪರ್ ಚಾಲಕರ ಬ್ಯಾಚನ್ನೂ ಆಮೇಲೆ ಮುಗಿದದ್ದನ್ನೂ ಹೋಲಿಸಿದರೆ ಬೋಧಕ ರಾತ್ರೋರಾತ್ರಿ ಕಲಿಸುವುದನ್ನೇ ಮರೆತ ಹಾಗೆ ಕಾಣುತ್ತದೆ. 2023ರ ಬರವೂ ಹಾಗೆಯೇ. ಕಾಲುವೆಗೆ ನೀರಿಲ್ಲ, ಎರಡನೇ ಭತ್ತವಿಲ್ಲ, ಮಿಲ್ಲಿನ ಕೆಲಸ ಕಡಿಮೆ. ಆ ವರ್ಷದ ಅಂಕಿ ಮಳೆಯದೇ ಹೊರತು ತರಬೇತಿಯದಲ್ಲ.

ಇದಕ್ಕೆ ಮದ್ದು ಹೋಲಿಕೆಯ ಗುಂಪು. ಅರ್ಜಿ ಹಾಕಿಯೂ ಸೀಟು ಸಿಗದವರು ಎಲ್ಲಕ್ಕಿಂತ ಒಳ್ಳೆಯ ಗುಂಪು, ಅವರಿಗೂ ಅದೇ ಆಸೆ, ಅದೇ ಊರು, ಅದೇ ವಯಸ್ಸು. ಇನ್ನೊಂದು ಮಾದರಿ ಲೆಕ್ಕ: ತರಬೇತಿ ಪಡೆದವರ ತಿಂಗಳ ದುಡಿಮೆ 7,000ದಿಂದ 12,500ಕ್ಕೆ ಏರಿತು, ಅಂದರೆ 5,500 ಹೆಚ್ಚಳ. ಸೀಟು ಸಿಗದವರದು 7,200ರಿಂದ 10,400ಕ್ಕೆ ಏರಿತು, 3,200 ಹೆಚ್ಚಳ. ತರಬೇತಿಯ ಪಾಲು 2,300 ಮಾತ್ರ. ಉಳಿದ 3,200 ವಯಸ್ಸು, ಬೆಲೆಯೇರಿಕೆ ಮತ್ತು ಮಾರುಕಟ್ಟೆಯ ಪಾಲು.

ಐಟಿಐ ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಹಂಚಿಕೆಯಾಗುತ್ತದೆ. ಕೊನೆಯ ಸೀಟು ಪಡೆದ ಹತ್ತು ಮಂದಿ, ಅಲ್ಲಿಯೇ ತಪ್ಪಿಸಿಕೊಂಡ ಹತ್ತು ಮಂದಿ, ಇವರ ನಡುವೆ ಒಂದೆರಡು ಅಂಕದ ವ್ಯತ್ಯಾಸವಷ್ಟೇ. ಈ ಎರಡು ಗುಂಪನ್ನು ಹೋಲಿಸಿ. ತಪ್ಪಿಸಿಕೊಂಡವರು ಪಕ್ಕದ ಖಾಸಗಿ ಐಟಿಐ ಸೇರಿದ್ದರೆ ಅದನ್ನು ಬರೆದುಕೊಳ್ಳಿ. ಇಲ್ಲದಿದ್ದರೆ ಐಟಿಐಯನ್ನು ಐಟಿಐ ಜೊತೆಗೇ ಹೋಲಿಸಿದಂತಾಗುತ್ತದೆ.

ಹೊಲಿಗೆಗೆ 30 ಸೀಟಿಗೆ 60 ಅರ್ಜಿ ಬಂದರೆ ಚೀಟಿ ಎತ್ತುವುದು ನ್ಯಾಯವೂ ಹೌದು, ಅಳತೆಗೂ ಅನುಕೂಲ. ಆದರೆ ಒಂದು ಬ್ಯಾಚಿನ ಚೀಟಿಯಿಂದ ಏನೂ ತೀರ್ಮಾನವಾಗದು. ಶೇ 50 ಮತ್ತು ಶೇ 65ರ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಲು ಒಂದೊಂದು ಕಡೆ ಸುಮಾರು 170 ಮಂದಿ ಬೇಕು. ಆರು ಬ್ಯಾಚು ಕೂಡಿಸಿ ನೋಡಿ.

ಇನ್ನೂ ಒಂದು ಬಲೆ. ಶೆಡ್ಡು ಮುಚ್ಚಿದಾಗ, ಕೆಲಸ ಹೋದಾಗ ಜನ ತರಬೇತಿಗೆ ಬರುತ್ತಾರೆ. ಪ್ರವೇಶದ ತಿಂಗಳ ಆದಾಯ ಕೇಳಿದರೆ ಅದು ಗುಂಡಿಯ ತಳದ ಅಂಕಿ. ಆಮೇಲೆ ಏರುವುದು ಸಹಜ, ತರಬೇತಿ ಇಲ್ಲದಿದ್ದರೂ ಏರುತ್ತಿತ್ತು. ಆರ್ಲಿ ಆಶೆನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ತರಬೇತಿಗಳಲ್ಲಿ ಇದನ್ನು 1978ರಲ್ಲಿ ತೋರಿಸಿದ್ದ. ಹಿಂದಿನ 12 ತಿಂಗಳ ದುಡಿಮೆಯನ್ನು ಹಂಗಾಮು ಹಂಗಾಮಾಗಿ ಕೇಳಿ ಬರೆದುಕೊಳ್ಳಿ.

ಗಿಣಿಗೇರಿ ಫಿಟ್ಟರ್

ಸೀಟು ಸಿಗದವನಿಗೆ ಫೋನ್ ಮಾಡಿದ್ರ ಬೈತಾನ್ರೀ ಮೇಷ್ಟ್ರ. "ಸೀಟ್ ಕೊಡ್ಲಿಲ್ಲ, ಈಗ ಪಗಾರ ಕೇಳ್ತೀರಾ" ಅಂತ.

ಲೆಕ್ಕದ ಮೇಷ್ಟ್ರು, ರಾಯಚೂರು

ಬೈಯುತ್ತಾರೆ, ನಿಜ. ಅರ್ಜಿ ಫಾರಂನಲ್ಲೇ "ಸೀಟು ಸಿಕ್ಕರೂ ಸಿಗದಿದ್ದರೂ ವರ್ಷಕ್ಕೆರಡು ಸಲ ಫೋನ್ ಮಾಡುತ್ತೇವೆ" ಎಂದು ಬರೆದು ಸಹಿ ಪಡೆಯಿರಿ. ಮುಂದಿನ ಬ್ಯಾಚಿನ ದಿನಾಂಕವನ್ನು ಮೊದಲು ಅವರಿಗೆ ತಿಳಿಸಿ. ಅಷ್ಟು ಮಾಡಿದರೆ ಮಾತಾಡುತ್ತಾರೆ.

ಹಾಜರಿ ಪುಸ್ತಕ, ಸಿಂಧನೂರು

ಈಗ ಸುಳ್ಳು ದಾಖಲೆ ಹಿಡಿಯೋ ಬಗೆ. ಮೊಬೈಲ್ ನಂಬರಿನ ಕಾಲಂ ಮೇಲೆ ಎಕ್ಸೆಲ್‌ನ ಎಣಿಕೆ ಸೂತ್ರ ಕೌಂಟ್‌ಇಫ್ ಹಾಕಿ. ಒಂದೇ ನಂಬರ್ ಎರಡು ಸಲ ಬಂದರೆ ಅಣ್ಣ-ತಮ್ಮ ಇರಬಹುದು, ಐದು ಸಲ ಬಂದರೆ ಅದು ಕೇಂದ್ರದವರದೇ. ಬ್ಯಾಂಕ್ ಖಾತೆ ಕಾಲಂನಲ್ಲಿ 1111, 0000, ಖಾಲಿ ಜಾಗ ಎಷ್ಟಿವೆ ಎಣಿಸಿ. ನೇಮಕಾತಿ ಪತ್ರಗಳನ್ನ ದಿನಾಂಕದ ಪ್ರಕಾರ ಜೋಡಿಸಿ. 27 ಮಂದಿಗೆ ಒಂದೇ ದಿನ, ಒಂದೇ ಕಂಪನಿ, ಒಂದೇ ಪಗಾರ ಅಂದರೆ ಆ ಕಂಪನಿಯ ಗೇಟಿಗೆ ಹೋಗಿ ಬರೋದು ಒಳ್ಳೇದು.

ಪತ್ರ ಸಾಕ್ಷಿ ಅಲ್ಲ, ಜಮೆಯಾದ ಪಗಾರ ಸಾಕ್ಷಿ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರು ತಿಂಗಳು ಸಾಲಾಗಿ ಜಮೆ ಕಾಣಬೇಕು, ನಡುವಿನ ಅಂತರ ಹೆಚ್ಚುಕಡಿಮೆ 30 ದಿನ ಇರಬೇಕು. ಬ್ಯಾಚನ್ನ ಬಸ್ಸಲ್ಲಿ ಕರೆದುಕೊಂಡು ಹೋಗಿ, ಗೇಟಿನ ಮುಂದೆ ಫೋಟೊ ತೆಗೆದು, ಹುಡುಗರು ಮೂರನೇ ವಾರಕ್ಕೆ ವಾಪಸ್ ಬಂದಿದ್ದರೆ ಇಲ್ಲಿ ಸಿಕ್ಕಿಬೀಳುತ್ತೆ. ವಾಪಸ್ ಬಂದೋರನ್ನ ಬೈಯೋ ಬದಲು ಕಾರಣ ಕೇಳಿ. ರೂಮ್ ಬಾಡಿಗೆ, ಊಟ, ದೂರ, ಇವೇ ಇರ್ತವೆ. ಹೊಸೂರಿನಲ್ಲಿ 14,000 ಪಗಾರ, ಕಳೆದು ಉಳಿಯೋದು 5,000 ಅಂದ್ರೆ ಊರಲ್ಲೇ 9,000 ಸಿಗೋದು ಮೇಲು. ಹಾಗಾಗಿ ಪಗಾರದ ಪಕ್ಕ "ಕೈಯಲ್ಲಿ ಉಳಿದದ್ದು" ಅನ್ನೋ ಕಾಲಂ ಇರಲಿ.

ಸಮೀಕ್ಷೆ ಮಾಡಿದೋರ ಮೇಲೂ ಕಣ್ಣಿರಬೇಕು. ತುಂಬಿದ ಫಾರಂಗಳಲ್ಲಿ ಹತ್ತಕ್ಕೊಂದನ್ನ ಬೇರೆಯವರು ಮತ್ತೆ ಫೋನ್ ಮಾಡಿ, ಬದಲಾಗದ ನಾಲ್ಕು ಪ್ರಶ್ನೆ ಕೇಳಬೇಕು: ಊರು, ಟ್ರೇಡ್, ಪಾಸಾದ ವರ್ಷ, ಮೊದಲ ಕೆಲಸ. ಎರಡಕ್ಕಿಂತ ಹೆಚ್ಚು ತಪ್ಪಿದರೆ ಆ ದಿನದ ಎಲ್ಲ ಫಾರಂ ಮತ್ತೆ ಮಾಡಿಸಿ. ಪ್ಲೇಸ್‌ಮೆಂಟ್ ಹಣ ಪಡೆಯೋ ಕೇಂದ್ರದವರೇ ಫೋನ್ ಮಾಡೋದಂತೂ ಬೇಡವೇ ಬೇಡ.

ಕೌಶಲ ಕೋಶ, ಕೊಪ್ಪಳ

ಒಟ್ಟು 600 ಮಂದಿ ಅಂತ ಇಟ್ಟುಕೊಂಡರೆ, ಒಂದೊಂದು ಟ್ರೇಡಿಗೆ 200. ಎಷ್ಟು ಜನರನ್ನ ಕೇಳಬೇಕು?

ಲೆಕ್ಕದ ಮೇಷ್ಟ್ರು, ರಾಯಚೂರು

ಒಟ್ಟಾರೆ ಅಂಕಿಯೊಂದೇ ಬೇಕಾದರೆ, ಶೇ 5 ಹೆಚ್ಚುಕಡಿಮೆಗೆ 235 ಉತ್ತರ ಸಾಕು. ಟ್ರೇಡುವಾರು ಬೇಕಾದರೆ ಒಂದೊಂದಕ್ಕೂ 132, ಒಟ್ಟು 396. ನಾಲ್ವರಲ್ಲಿ ಒಬ್ಬರು ಸಿಗುವುದಿಲ್ಲ ಎಂದು ಹಿಡಿದರೆ 528 ಮಂದಿಗೆ ಫೋನ್ ಮಾಡಬೇಕು. ಅಷ್ಟಾದ ಮೇಲೆ ಮಾದರಿ ಆರಿಸುವ ರಗಳೆ ಯಾಕೆ, 600ಕ್ಕೂ ಮಾಡಿ. ಇಬ್ಬರು ದಿನಕ್ಕೆ 25ರಂತೆ ಮುಗಿಸಿದರೆ 12 ದಿನ. ಒಬ್ಬೊಬ್ಬರಿಗೂ ಮೂರು ಪ್ರಯತ್ನ: ಬೆಳಿಗ್ಗೆ ಒಮ್ಮೆ, ಸಂಜೆ ಏಳರ ಮೇಲೆ ಒಮ್ಮೆ, ಭಾನುವಾರ ಒಮ್ಮೆ. ಹಗಲಲ್ಲೇ ಮೂರೂ ಸಲ ಮಾಡಿದರೆ ಕೆಲಸದಲ್ಲಿರುವವರು ಫೋನ್ ಎತ್ತುವುದಿಲ್ಲ, ಕೆಲಸ ಇಲ್ಲದವರೇ ಹೆಚ್ಚಾಗಿ ಸಿಗುತ್ತಾರೆ. ಉಳಿದ ಹಣವನ್ನು ಮನೆ ಭೇಟಿಗೆ ಇಡಿ.

ಖರ್ಚಿನ ಲೆಕ್ಕ ಬೇಕೆಂದರೆ ಕಲಿಯುವವರ ಕಳೆದುಹೋದ ದುಡಿಮೆಯನ್ನೂ ಸೇರಿಸಿ. ಮಾದರಿಗೆ, ತಲಾ ತರಬೇತಿ ವೆಚ್ಚ 18,000. ಮೂರು ತಿಂಗಳು ದುಡಿಯದೇ ಹೋದದ್ದು 7,000ದಂತೆ 21,000. ಒಟ್ಟು 39,000. ತಿಂಗಳಿಗೆ 2,300ರ ಫಲ ಬಂದರೆ ಅದು ತೀರಲು 17 ತಿಂಗಳು ಬೇಕು. ಕೆಲಸದಲ್ಲಿ ಸರಾಸರಿ ಎಂಟೇ ತಿಂಗಳು ಉಳಿಯುತ್ತಾರೆ ಎಂದಾದರೆ ಆ ತರಬೇತಿ ನಷ್ಟದಲ್ಲಿದೆ, ಪ್ಲೇಸ್‌ಮೆಂಟ್ ಶೇ 90 ಇದ್ದರೂ.

ಡಬಲ್ ನೀಡಲ್, ಬಳ್ಳಾರಿ

ಹೆಣ್ಣುಮಕ್ಕಳ ಸಾಲಿನಲ್ಲಿ "ಮದುವೆಯಾಗಿ ಹೋದರು" ಅಂತ ಬರೆದು ಮುಚ್ಚಿಬಿಡ್ತಾರೆ, ಅದನ್ನ ಒಪ್ಪಬೇಡಿ. ಗಂಡನ ಮನೆ ನಂಬರ್ ತಗೊಳ್ಳಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರೆ ಹೋದ 30 ದಿನದಲ್ಲಿ ಎಷ್ಟು ಬ್ಲೌಸು, ಎಷ್ಟು ಫಾಲ್, ಒಂದಕ್ಕೆ ಎಷ್ಟು, ದಾರ-ಲೈನಿಂಗ್ ಖರ್ಚೆಷ್ಟು ಅಂತ ಕೇಳಿ. "ಸುಮ್ಮನೆ ಮನೇಲಿದ್ದೀನಿ" ಅಂದೋರ ಲೆಕ್ಕದಲ್ಲೂ ಹಣ ಸಿಗುತ್ತೆ.

ಮುನಿರಾಬಾದ್ ಲೈನ್

ಡಿಪ್ಲೊಮಾದವರನ್ನೂ ಸೇರಿಸೋದಾದರೆ ಇನ್ನೊಂದು ಮಾತು. ಯುವನಿಧಿಯಲ್ಲಿ ಕೆಲಸ ಇಲ್ಲದ ಡಿಪ್ಲೊಮಾ ಪಾಸಾದವರಿಗೆ ತಿಂಗಳಿಗೆ 1,500 ಬರುತ್ತೆ. "ನೀವು ನಿರುದ್ಯೋಗಿನಾ" ಅಂತ ಕೇಳಿದರೆ ಏನು ಉತ್ತರ ಬರುತ್ತೆ ಅಂತ ಬಿಡಿಸಿ ಹೇಳಬೇಕಾ? ಈ ಸಮೀಕ್ಷೆಗೂ ಆ ಹಣಕ್ಕೂ ಸಂಬಂಧ ಇಲ್ಲ ಅಂತ ಮೊದಲೇ ಹೇಳಿ, ಮಾನ್ವಿಯವರು ಹೇಳಿದ ಹಾಗೆ ದಿನ ಎಣಿಸಿ. ಪಾಸ್‌ಬುಕ್, ಪಿಎಫ್ ನೋಡೋಕೆ ಲಿಖಿತ ಒಪ್ಪಿಗೆ ತಗೊಳ್ಳಿ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಆಧಾರ್ ನಂಬರ್ ಶೀಟಿನಲ್ಲಿ ಬರೆಯಲೇಬೇಡಿ, ಪ್ರವೇಶ ಸಂಖ್ಯೆ ಸಾಕು.

ಕೌಶಲ ಕೋಶ, ಕೊಪ್ಪಳ

ಪ್ರವೇಶ ಫಾರಂ ತಿದ್ದುತ್ತಿದ್ದೇವೆ. ಮೂರು ಫೋನ್ ನಂಬರು, ಹಿಂದಿನ 12 ತಿಂಗಳ ದುಡಿಮೆ, ಒಪ್ಪಿಗೆ ಸಹಿ, ಅಪ್ರೆಂಟಿಸ್‌ಗೆ ಬೇರೆ ಕಾಲಂ. ಫೋನು 3, 6, 12, 24ನೇ ತಿಂಗಳಿಗೆ, ಮನೆ ಭೇಟಿ ಮೊಹರಂ ವಾರಕ್ಕೆ. ಏನಾದರೂ ಬಿಟ್ಟಿದೆಯಾ?

ಮಾನ್ವಿ ಮಿಷನ್

ಮೇಸ್ತ್ರಿ ನಂಬರ್ ಬಿಟ್ಟೀರಿ. ಗುಳೆ ಹೋದವ್ರ ಮೂರೂ ನಂಬರ್ ಹತ್ತಲಿಲ್ಲಂದ್ರ ಅವನದು ಹತ್ತತದ. ಊರಾಗ ಯಾವ ಮೇಸ್ತ್ರಿ ಜೋಡಿ ಮಂದಿ ಹೋಗ್ತಾರ ಅಂತ ಕೇಳಿ ನಾಕನೇ ಕಾಲಂನಾಗ ಬರ್ಕೋರಿ. ಪಗಾರದ ಮಾತು ಮಾತ್ರ ಅವನ ಫೋನಿನಾಗ ಕೇಳಬ್ಯಾಡ್ರಿ, ಪಕ್ಕದಾಗೇ ನಿಂತಿರ್ತಾನ.